ಕುದುರೆಯೇ ಇಲ್ಲದ ಸವಾರಿ

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು. ನಾನು ಹಾಸನದ ಒಂದು ಸಣ್ಣ ದಿನಪತ್ರಿಕೆಯ ವರದಿಗಾರ. ಹೊಗೆಸೊಪ್ಪಿನ ಸಸಿಮಡಿಗಳಿಗೆ ರೋಗ ಬಿದ್ದಿದೆ ಎಂದು ಯಾರೋ ಫೋನ್ ಮಾಡಿದ್ದರಿಂದ, ನೋಡಿಕೊಂಡು ಬರಲು ಅರಕಲಗೂಡು ದಾಟಿ ಮಲ್ಲಿಪಟ್ಟಣದ ಕಡೆಗೆ ಬೈಕಿನಲ್ಲಿ ಹೋಗಿದ್ದೆ. ರೋಗವೇನೂ ಇರಲಿಲ್ಲ. ಒಂದು ಮಡಿಯಲ್ಲಿ ನೀರು ಹೆಚ್ಚಾಗಿ ಸಸಿ ಕೊಳೆತಿತ್ತು, ಅಷ್ಟೇ. ಹೀಗೆ ಬರಿಗೈಯಲ್ಲಿ ವಾಪಸಾಗುವುದು ನಮ್ಮ ಕೆಲಸದಲ್ಲಿ ಹೊಸದಲ್ಲ.

ವಾಪಸ್ ಬರುವಾಗ ರಸ್ತೆಯ ಪಕ್ಕದ ಖಾಲಿ ಹೊಲದಲ್ಲಿ ಒಬ್ಬಳು ಹುಡುಗಿ ಅಡ್ಡ ಇಟ್ಟ ಬಿದಿರು ಗಳಗಳನ್ನು ಹಾರುತ್ತಿದ್ದಳು. ಹದಿಮೂರು ವರ್ಷ ಇರಬಹುದು. ಶಾಲೆಯ ಹರ್ಡಲ್ಸ್ ಅಭ್ಯಾಸ ಇರಬೇಕು ಎಂದುಕೊಂಡು ಮುಂದೆ ಹೋದವನು ಸ್ವಲ್ಪ ದೂರದಲ್ಲಿ ಬೈಕ್ ನಿಲ್ಲಿಸಿದೆ. ಏನೋ ಹೊಂದುತ್ತಿರಲಿಲ್ಲ. ಹರ್ಡಲ್ಸ್ ಆಗಿದ್ದರೆ ಗಳಗಳು ಒಂದೇ ಸಾಲಿನಲ್ಲಿ ಇರಬೇಕಿತ್ತು. ಇಲ್ಲಿ ಒಂದು ಈ ಮೂಲೆಯಲ್ಲಿ, ಇನ್ನೊಂದು ಆ ಮೂಲೆಯಲ್ಲಿ, ಎರಡು ಪಕ್ಕಪಕ್ಕದಲ್ಲಿ ಇದ್ದವು. ಅವಳು ಓಡುತ್ತಿದ್ದ ರೀತಿಯೂ ವಿಚಿತ್ರ. ಎರಡೂ ಕೈ ಮುಂದೆ ಮಡಿಸಿ ಏನನ್ನೋ ಹಿಡಿದಂತೆ, ನಾಲಿಗೆಯಲ್ಲಿ ಲೊಚಗುಟ್ಟುತ್ತಾ, ಒಂದೇ ಲಯದಲ್ಲಿ ಓಡುತ್ತಿದ್ದಳು. ಒಂದು ಗಳ ಕೆಳಕ್ಕೆ ಬಿತ್ತು. ಅವಳು ನಿಲ್ಲಲಿಲ್ಲ. ಕೊನೆಯ ಗಳ ಹಾರಿದ ಮೇಲೆ ನಿಧಾನ ಮಾಡಿ, ಗಾಳಿಯಲ್ಲಿ ಯಾರದೋ ಕುತ್ತಿಗೆ ತಟ್ಟಿದಳು.

ನಾನು ಬೈಕ್ ತಿರುಗಿಸಿದೆ.

"ಹರ್ಡಲ್ಸಾ ಮಗಾ?" ಎಂದು ಬೇಲಿಯ ಈಚೆಯಿಂದಲೇ ಕೇಳಿದೆ.

"ಅಲ್ಲ ಸಾ, ಶೋ ಜಂಪಿಂಗು."

"ಅದು ಕುದುರೆದಲ್ವಾ?"

"ಊಂ, ಕುದುರೆದೇ."

"ಕುದುರೆ ಎಲ್ಲಿ?"

"ಇಲ್ಲ ಸಾ. ಕುದುರೆ ಒಂದಿಲ್ಲ, ಮಿಕ್ಕಿದ್ದೆಲ್ಲಾ ಐತೆ."

ಅವಳಿಗೆ ಅದರಲ್ಲಿ ತಮಾಷೆಯೇನೂ ಕಂಡಿರಲಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. ನಾನು ಬೇಲಿ ದಾಟಿ ಒಳಗೆ ಹೋದೆ.

ಅವಳ ಹೆಸರನ್ನು ಇಲ್ಲಿ ಸಿಂಚನ ಎಂದು ಇಟ್ಟುಕೊಳ್ಳುತ್ತೇನೆ. ಎಲ್ಲರ ಹೆಸರನ್ನೂ ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸಿಂಚನ ಆಗ ಎಂಟನೇ ತರಗತಿ. ಹೊಲ ಅವರದೇ. ಹೊಗೆಸೊಪ್ಪಿನ ಕಾಲ ಮುಗಿದು, ಹೊಸ ಸಸಿ ನೆಡಲು ಇನ್ನೂ ಸಮಯವಿದ್ದ ಆ ಎರಡು ತಿಂಗಳು ಹೊಲ ಖಾಲಿ. ಆ ಖಾಲಿ ಹೊಲದಲ್ಲಿ ಅವಳು ಎಂಟು ಅಡೆತಡೆಗಳ ಒಂದು ಪೂರ್ತಿ ಮೈದಾನ ಕಟ್ಟಿದ್ದಳು. ಒಡೆದುಹೋದ ಸಸಿ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಎರಡು ಕಂಬ, ಅವುಗಳ ಮೇಲೆ ಸುಮ್ಮನೆ ಇಟ್ಟ ಒಂದು ಬಿದಿರು ಗಳ. ಎತ್ತರವನ್ನು ಅವಳು ಟ್ರೇ ಲೆಕ್ಕದಲ್ಲಿ ಹೇಳುತ್ತಿದ್ದಳು. ಇದು ಹನ್ನೆರಡು ಟ್ರೇ, ಅದು ಹದಿನೈದು ಟ್ರೇ. ಪ್ರತಿಯೊಂದಕ್ಕೂ ರಟ್ಟಿನ ಮೇಲೆ ನಂಬರು ಬರೆದು ಸಿಕ್ಕಿಸಿದ್ದಳು.

"ಈ ನಾಲ್ಕು ಮತ್ತು ಐದರ ಮಧ್ಯೆ ಇಷ್ಟೇ ಜಾಗ ಯಾಕೆ?" ಎಂದೆ.

"ಕುದುರೆ ಓಡೋವಾಗ ಅದರ ಒಂದು ನೆಗೆತಕ್ಕೆ ದೊಡ್ಡೋರ ನಾಲ್ಕು ಹೆಜ್ಜೆ ಸಾ. ಆಟಕ್ಕೆ ಮುಂಚೆ ಸವಾರರೆಲ್ಲ ನಡ್ಕೊಂಡು ಹೋಗಿ ಹೆಜ್ಜೆ ಎಣಿಸ್ತಾರೆ. ಕುದುರೆಗೆ ತೋರ್ಸಲ್ಲ, ಅವರು ಮಾತ್ರ ನೋಡ್ಕೋಬೇಕು."

"ನಿನ್ನ ಹೆಜ್ಜೆ ಚಿಕ್ಕದಲ್ವಾ?"

"ಅದ್ಕೇ ಅಪ್ಪನ ಹತ್ರ ನಡೆಸ್ದೆ. ಸಸಿ ಸಾಲು ಎಷ್ಟು ಬರುತ್ತೆ ನೋಡಪ್ಪ ಅಂತ ಸುಳ್ಳೇಳಿ." ಇಷ್ಟು ಹೇಳುವಾಗ ಮಾತ್ರ ಸ್ವಲ್ಪ ನಕ್ಕಳು.

ಇದೆಲ್ಲ ಎಲ್ಲಿಂದ ಬಂತು ಎಂದು ಕೇಳಿದೆ. ಮೂರನೇ ತರಗತಿಯ ರಜೆಯಲ್ಲಿ ಹಾಸನದ ಅತ್ತೆಯ ಮನೆಗೆ ಹೋಗಿದ್ದಾಗ ಟಿ.ವಿ.ಯಲ್ಲಿ ಕುದುರೆ ಜಿಗಿತದ ಸ್ಪರ್ಧೆ ನೋಡಿದ್ದಳಂತೆ. ಒಬ್ಬ ಹೆಂಗಸಿನ ಕುದುರೆ ಗಳ ಬೀಳಿಸಿತು, ಪದಕ ತಪ್ಪಿತು. ಆದರೂ ಆಕೆ ಕೊನೆಗೆ ಕುದುರೆಯ ಕುತ್ತಿಗೆ ತಟ್ಟಿದರು. ಇವಳಿಗೆ ಅದು ಅರ್ಥವಾಗಲಿಲ್ಲ. ಸೋಲಿಸಿದವರನ್ನು ಯಾಕೆ ತಟ್ಟಬೇಕು? ಅದನ್ನು ತಿಳಿಯಲು ಅಪ್ಪನ ಮೊಬೈಲಿನಲ್ಲಿ ಹುಡುಕತೊಡಗಿದವಳು ಐದು ವರ್ಷವಾದರೂ ನಿಲ್ಲಿಸಿರಲಿಲ್ಲ. ಒಲಿಂಪಿಕ್ಸಿನಲ್ಲಿ ಗಂಡಸರು ಹೆಂಗಸರು ಒಟ್ಟಿಗೆ, ಒಂದೇ ಪಟ್ಟಿಯಲ್ಲಿ ಸ್ಪರ್ಧಿಸುವುದು ಈ ಆಟದಲ್ಲಿ ಎಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

"ಅಲ್ಲಿಗೆ ಹೋಗಬೇಕು ಅಂತಾನಾ?"

"ಹೂಂ ಸಾ. ಒಲಿಂಪಿಕ್ಸ್‌ಗೆ."

"ಇದುವರೆಗೆ ಕುದುರೆ ಮೇಲೆ ಕೂತಿದ್ದೀಯಾ?"

"ಇಲ್ಲ. ಹತ್ರದಿಂದ ನೋಡಿದ್ದೂ ಎರಡೇ ಸಲ."

ಅವಳ ಬಳಿ ಒಂದು ನೋಟ್‌ಬುಕ್ ಇತ್ತು. ದಿನಾಂಕ, ಎಷ್ಟು ಸುತ್ತು, ಎಷ್ಟು ಗಳ ಬಿತ್ತು, ಒಂದು ಗಳಕ್ಕೆ ನಾಲ್ಕು ಪೆನಾಲ್ಟಿಯಂತೆ ಒಟ್ಟು ಎಷ್ಟು, ಎಲ್ಲ ಬರೆದಿದ್ದಳು. ಯಾರೂ ನೋಡದ ಆಟದಲ್ಲಿ ತಾನೇ ಬೀಳಿಸಿದ ಗಳಗಳಿಗೆ ತಾನೇ ಹಾಕಿಕೊಂಡ ದಂಡ. ಒಂದು ದಿನ ಮೂವತ್ತೆರಡು ಇತ್ತು. ಎಂಟಕ್ಕೆ ಎಂಟೂ ಬಿದ್ದಿವೆ. "ಅವತ್ತು ಜ್ವರ ಇತ್ತು" ಎಂದಳು.

ಅಷ್ಟರಲ್ಲಿ ಅವಳ ಅಪ್ಪ ಸ್ವಾಮಣ್ಣ ಮೊಪೆಡ್ಡಿನಲ್ಲಿ ಬಂದರು. ನಾನು ಯಾರು ಎಂದು ಹೇಳಿದ ಕೂಡಲೇ ಅವರ ಮುಖ ಚಿಕ್ಕದಾಯಿತು.

"ಸಾ, ದಯವಿಟ್ಟು ಪೇಪರ್‌ಗೆ ಆಕ್ಬೇಡಿ. ಈಗ್ಲೇ ಊರೋರು ಆಡ್ಕತ್ತಾವ್ರೆ. 'ಏನ್ ಸ್ವಾಮಣ್ಣ, ನಿನ್ ಮಗ್ಳು ಕುದ್ರೆಗೆ ಉಲ್ಲಾಕಿ ಬಂದ್ಲಾ' ಅಂತ ಟೀ ಅಂಗ್ಡೀಲಿ ಕೇಳ್ತಾರೆ."

"ಕೇಳ್ಲಿ ಬುಡಪ್ಪ" ಎಂದಳು ಮಗಳು.

"ನೀ ಸುಮ್ಕಿರವ್ವ. ನೋಡಿ ಸಾ, ಓಡ್ತೀನಿ ಅಂದಿದ್ರೆ ಓಡ್ಸಿರೋನು. ಕಬಡ್ಡಿ ಅಂದಿದ್ರೆ ಅದ್ಕೂ ಕಳಿಸ್ತಿದ್ದೆ. ಈವಮ್ಮ ಕೇಳ್ತಿರೋದು ಏನು? ನಮ್ ವಂಶ್ದಲ್ಲಿ ಯಾರಾನಾ ಕುದ್ರೆ ಮುಟ್ಟಿದ್ರಾ?"

ನಾನು ತಲೆದೂಗಿದೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವರೇ ಮತ್ತೆ ಹೇಳಿದರು.

"ಒಂದ್ ಕೆಲ್ಸ ಮಾಡಿ ಸಾ. ನಾಕು ಜನರ ಪರಿಚಯ ಇರೋರು ನೀವು. ಒಂದೇ ಒಂದ್ಸಲ ನಿಜವಾದ ಕುದ್ರೆ ಮ್ಯಾಲೆ ಕೂರ್ಸಿ. ಎದ್ರುದ್ಲಾ, ಅಲ್ಗೇ ಮುಗೀತು. ಗಳ ಎಲ್ಲಾ ಕಿತ್ತಾಕಿ, ಓದ್ಕಂಡು ತೆಪ್ಪಗಿರ್ಬೇಕು. ಇನ್ನೊಂದ್ಸಲ ಕುದ್ರೆ ಅನ್ನೋ ಮಾತು ಮನೇಲಿ ಬರ್ಕೂಡ್ದು."

"ಎದ್ರಲಿಲ್ಲ ಅಂದ್ರೆ?" ಎಂದು ಸಿಂಚನ ಕೇಳಿದಳು.

ಸ್ವಾಮಣ್ಣ ಇದನ್ನು ಯೋಚಿಸಿರಲಿಲ್ಲ ಎಂದು ಕಾಣುತ್ತದೆ. ಮೊಪೆಡ್ಡಿನ ಕನ್ನಡಿ ಒರೆಸಿದರು.

"ಎದ್ರಲಿಲ್ಲ ಅಂದ್ರೆ, ಎಲ್ಲಿ ಕಲಿಸ್ತಾರೋ ಅಲ್ಗೆ ನಾನೇ ಕರ್ಕಂಡೋಯ್ತೀನಿ. ಆಯ್ತಾ?"

"ಆಯ್ತು."

ಹೀಗೆ ನಾನು ಸುದ್ದಿ ಬಿಟ್ಟು ಕುದುರೆ ಹುಡುಕುವ ಕೆಲಸಕ್ಕೆ ಬಿದ್ದೆ. ನಿಜ ಹೇಳಬೇಕೆಂದರೆ ನನಗೂ ನೋಡಬೇಕಿತ್ತು. ಐದು ವರ್ಷ ಒಂದು ಆಟದ ಎಲ್ಲವನ್ನೂ ಕಲಿತು, ಅದರ ಮುಖ್ಯ ವಸ್ತುವನ್ನೇ ಮುಟ್ಟದವಳಿಗೆ ಅದು ಎದುರಿಗೆ ಬಂದಾಗ ಏನಾಗುತ್ತದೆ?

ಹೊಳೆನರಸೀಪುರದಲ್ಲಿ ಬಾಷಾ ಸಾಬರು ನನಗೆ ಪರಿಚಯ. ಅವರ ಅಪ್ಪ ಜಟಕಾ ಓಡಿಸುತ್ತಿದ್ದವರು. ಜಟಕಾ ಹೋಯಿತು, ಕುದುರೆ ಉಳಿಯಿತು. ಈಗ ಚಾಂದನಿ ಎಂಬ ಬಿಳಿ ಹೆಣ್ಣುಕುದುರೆಯನ್ನು ಮದುವೆ ಮೆರವಣಿಗೆಗಳಿಗೆ ಕರೆದೊಯ್ಯುತ್ತಾರೆ. ಫೋನ್ ಮಾಡಿ ವಿಷಯ ಹೇಳಿದೆ.

"ಒಲಿಂಪಿಕ್ಸಾ?" ಎಂದರು. "ಅರೇ ಸಾಬ್, ಕರ್ಕೊಂಡ್ ಬನ್ನಿ. ನಮ್ ಚಾಂದನಿಗೂ ಗೊತ್ತಾಗ್ಲಿ ಪ್ರಪಂಚದಲ್ಲಿ ಇನ್ನೇನೇನ್ ಕೆಲ್ಸ ಇದೆ ಅಂತ. ಭಾನುವಾರ ಬೆಳಿಗ್ಗೆ ಬನ್ನಿ. ಶನಿವಾರ ಚನ್ನರಾಯಪಟ್ಟಣದಲ್ಲಿ ಒಂದು ಮದ್ವೆ ಇದೆ, ಮುಗಿಸ್ಕೊಂಡ್ ಬಂದಿರ್ತೀನಿ."

ಭಾನುವಾರ ಎಂಟೂವರೆಗೆ ಹೇಮಾವತಿಯ ದಡದ ಬಯಲಿನಲ್ಲಿ ಎಲ್ಲರೂ ಸೇರಿದೆವು. ಅಪ್ಪ ಮಗಳು ಅರಕಲಗೂಡಿನಿಂದ ಬಸ್ಸಿನಲ್ಲಿ ಬಂದಿದ್ದರು. ಸಿಂಚನ ಶಾಲೆಯ ಬಿಳಿ ಶೂ ಹಾಕಿ, ಚಿಕ್ಕಪ್ಪನ ಮೋಟರ್‌ಬೈಕಿನ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಒಂದು ಕವರಿನಲ್ಲಿ ಬೆಲ್ಲದ ಅಚ್ಚು, ಇನ್ನೊಂದರಲ್ಲಿ ಅವಳ ಅಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿ. ಚಾಂದನಿಯ ಕುತ್ತಿಗೆಗೂದಲ ಕೇಸರದಲ್ಲಿ ಹಿಂದಿನ ದಿನದ ಜರಿಕಾಗದದ ಚೂರು ಇನ್ನೂ ಅಂಟಿಕೊಂಡು ಹೊಳೆಯುತ್ತಿತ್ತು.

ಬಾಷಾ ಸಾಬರು ಸ್ವಾಮಣ್ಣನ ಕೈಹಿಡಿದು, "ಗೌಡ್ರೇ, ಚಿಂತೆ ಬೇಡ. ಇವಳು ಹೊತ್ತಿರೋದೆಲ್ಲಾ ನಡುಗೋ ಸವಾರರನ್ನೇ. ಮದ್ವೆ ಗಂಡುಗಳು ಕುದುರೆಗೆ ಹೆದ್ರಿ ನಡುಗ್ತಾರೋ ಮದ್ವೆಗೆ ಹೆದ್ರಿ ನಡುಗ್ತಾರೋ, ಇಷ್ಟು ವರ್ಷ ಆದ್ರೂ ನಂಗೆ ಗೊತ್ತಾಗಿಲ್ಲ" ಎಂದರು.

ಸಿಂಚನ ನಗಲಿಲ್ಲ. ಕುದುರೆಯನ್ನೇ ನೋಡುತ್ತಿದ್ದಳು. ಎಡಗಡೆಯಿಂದ ಹತ್ತಿರ ಹೋದಳು, ಅಂಗೈ ಅಗಲ ಮಾಡಿ ಬೆಲ್ಲ ಕೊಟ್ಟಳು, ಕಾಲಿಡುವ ರಿಕಾಪಿನ ಉದ್ದ ನೋಡಿದಳು. ಎಲ್ಲವನ್ನೂ ಸರಿಯಾಗಿ ಮಾಡಿದಳು. "ಯಾರ್ ಕಲಿಸಿದ್ದು ಇವಳಿಗೆ?" ಎಂದು ಬಾಷಾ ಸಾಬರು ನನ್ನನ್ನು ಕೇಳಿದರು.

ಅವಳು ಹೆಲ್ಮೆಟ್ ಹಾಕಿಕೊಂಡ ಮೇಲೆ ಅವರು ಕೈ ಆಸರೆ ಕೊಟ್ಟು ಕೂರಿಸಿದರು. ಚಾಂದನಿ ಭಾರ ಹೊಂದಿಸಿಕೊಳ್ಳಲು ಒಂದು ಕಾಲು ಬದಲಿಸಿತು. ಅಷ್ಟೇ ಆದದ್ದು. ಸಿಂಚನಳ ಮುಖದ ಬಣ್ಣ ಇಳಿಯಿತು. ಎರಡೂ ಕೈಯಲ್ಲಿ ಕೇಸರ ಹಿಡಿದು ಮುಂದಕ್ಕೆ ಬಾಗಿದಳು.

"ಇಳ್ಸಿ" ಎಂದಳು.

"ಏನಾಗಲ್ಲ ಬೇಟಾ, ನೆಟ್ಟಗೆ ಕೂತ್ಕೋ."

"ಇಳ್ಸಿ ಅಂಕಲ್. ಇಳ್ಸಿ, ಇಳ್ಸಿ."

ಬಾಷಾ ಸಾಬರು ಸೊಂಟ ಹಿಡಿದು ಇಳಿಸಿದರು. ಅವಳು ಕುದುರೆಯ ಮೇಲೆ ಇದ್ದದ್ದು ಅರ್ಧ ನಿಮಿಷಕ್ಕಿಂತ ಕಡಿಮೆ.

ಸ್ವಾಮಣ್ಣ "ನಾ ಹೇಳ್ನಿಲ್ವಾ" ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆ ಅನ್ನಲಿಲ್ಲ. ಗೆದ್ದವರ ಮುಖವೂ ಅವರದಾಗಿರಲಿಲ್ಲ. ನದಿಯ ಕಡೆ ಒಮ್ಮೆ ನೋಡಿ, "ಓಗ್ಲಿ ಬುಡವ್ವ. ನಡಿ, ಅತ್ತೂವರೆಗೆ ಬಸ್ಸೈತೆ. ರೊಟ್ಟಿ ತಿನ್ಕಂಡು ಒಲ್ಡಾಣ" ಎಂದರು.

ಸಿಂಚನ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಅಳುತ್ತಾಳೇನೋ ಎಂದು ನೋಡಿದೆ. ಬರೆಯುತ್ತಿದ್ದಳು. ಹತ್ತಿರ ಹೋಗಿ ಇಣುಕಿದೆ. ಆ ದಿನದ ದಿನಾಂಕದ ಮುಂದೆ ‘ಹೆದರಿಕೆ’ ಎಂದು ಬರೆದು ಅದರ ಮುಂದೆ ನಾಲ್ಕು ಎಂದು ಹಾಕಿದ್ದಳು.

"ಇದೇನಿದು ನಾಲ್ಕು?"

ಅವಳು ಎದ್ದು ಅಪ್ಪನ ಎದುರು ಹೋಗಿ ನಿಂತಳು.

"ಅಪ್ಪ, ಒಂದ್ಸಲ ನಿಂತ್ರೆ ನಾಲ್ಕೇ. ಔಟಲ್ಲ."

"ಏನವ್ವ ಅದು?"

"ಕುದುರೆ ಗಳದ ಮುಂದೆ ಹೋಗಿ ಹಾರ್ದೆ ನಿಂತ್ಬಿಡುತ್ತಲ್ಲ, ಮೊದಲ್ನೇ ಸಲ ನಿಂತ್ರೆ ನಾಲ್ಕು ಪೆನಾಲ್ಟಿ. ತಿರುಗಿಸ್ಕೊಂಡು ಬಂದು ಇನ್ನೊಂದ್ಸಲ ಹಾರ್ಬಹುದು. ಎರಡನೇ ಸಲಾನೂ ನಿಂತ್ರೆ ಔಟು. ರೂಲ್ ಐತೆ."

"ನಿಂತಿದ್ದು ಕುದ್ರೆ ಅಲ್ವಲ್ಲವ್ವ, ನೀನು."

"ಅಲ್ಲಿ ಕುದುರೆ, ಸವಾರ ಇಬ್ರದೂ ಸೇರಿ ಒಂದೇ ಲೆಕ್ಕ ಅಪ್ಪ. ಯಾರು ನಿಂತ್ರೂ ನಾಲ್ಕೇ."

ಸ್ವಾಮಣ್ಣ ನನ್ನ ಕಡೆ ತಿರುಗಿದರು. "ನಿಜವಾ ಸಾ? ಇಂಗೊಂದು ರೂಲ್ ಐತಾ? ಇಲ್ಲ ನಂಗೆ ಟೋಪಿ ಆಕ್ತಾವ್ಳಾ?"

ಅವರು ಸುಮ್ಮನೆ ಕೇಳಿದ್ದಲ್ಲ. ಹೊಗೆಸೊಪ್ಪು ಬೆಳೆಯುವವರಿಗೆ ನಿಯಮ ಎಂದರೆ ಏನೆಂದು ಗೊತ್ತು. ವರ್ಷವಿಡೀ ದುಡಿದು ಕಟ್ಟಿದ ಸೊಪ್ಪಿನ ಬೇಲು ರಾಮನಾಥಪುರದ ಹರಾಜಿನಲ್ಲಿ ಯಾವ ದರ್ಜೆಗೆ ಬೀಳುತ್ತದೆ ಎನ್ನುವುದರ ಮೇಲೆ ಅವರ ಬದುಕು ನಿಂತಿರುತ್ತದೆ. ನನ್ನ ಉತ್ತರ ‘ಇಲ್ಲ’ ಎಂದಾದರೆ ಅವರು ಮಗಳನ್ನು ಕರೆದುಕೊಂಡು ಹೊರಡುತ್ತಿದ್ದರು. ಹೊಲದ ಎಂಟು ಗಳಗಳೂ ಅವತ್ತೇ ಸಂಜೆ ಕೀಳಲ್ಪಡುತ್ತಿದ್ದವು.

ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದು ಫೋನ್ ತೆಗೆದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನದಿರುವುದು ನಮಗೆ ಕಲಿಸಿದ ಮೊದಲ ಪಾಠ. ನಿಯಮಗಳ ಪುಸ್ತಕ ಇಂಗ್ಲಿಷಿನಲ್ಲಿ ಸಿಕ್ಕಿತು, ಉದ್ದವಾಗಿತ್ತು. ಮೂವರೂ ನನ್ನ ಹೆಬ್ಬೆರಳನ್ನೇ ನೋಡುತ್ತಾ ನಿಂತಿದ್ದರು. ಅಡೆತಡೆಯ ಮುಂದೆ ಮೊದಲ ಸಲ ನಿಂತರೆ ನಾಲ್ಕು, ಎರಡನೇ ಸಲಕ್ಕೆ ಸ್ಪರ್ಧೆಯಿಂದ ಹೊರಗೆ. ಹುಡುಗಿ ಹೇಳಿದ್ದು ಸರಿಯಾಗಿತ್ತು. ಅದರ ಕೆಳಗೆ ಬೀಳುವುದು, ಇಳಿಯುವುದರ ಬಗ್ಗೆಯೂ ಏನೋ ಸಾಲುಗಳಿದ್ದಂತೆ ಕಂಡಿತು. ನಾನು ಅಲ್ಲಿಯವರೆಗೆ ಓದಲಿಲ್ಲ. ಬೇಕೆಂದೇ ಓದಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಅರ್ಧ ಓದಿ ಹೇಳಿದ್ದು ಅದೊಂದೇ ಸಲ.

"ನಿಜ ಸ್ವಾಮಣ್ಣ. ಮೊದಲ ಸಲಕ್ಕೆ ನಾಲ್ಕೇ."

ಅವರು ಮಗಳನ್ನು ನೋಡಿದರು. "ರೂಲು ಅಂದ್ಮೇಲೆ ರೂಲು. ಇನ್ನೊಂದೇ ಸಲ ಕಣವ್ವ ಮತ್ತೆ."

ಎರಡನೇ ಸಲ ಹತ್ತುವಾಗಲೂ ಅವಳಿಗೆ ಭಯವಿತ್ತು. ಅದು ಕಾಣುತ್ತಿತ್ತು. ಆದರೆ ಈ ಸಲ ಕೇಸರ ಹಿಡಿಯಲಿಲ್ಲ, ಕಣ್ಣು ಮುಚ್ಚಿ ಏನೋ ಎಣಿಸಿದಳು. ಹನ್ನೆರಡೋ ಹದಿಮೂರೋ ಎಣಿಸಿದ ಮೇಲೆ ಕಣ್ಣು ಬಿಟ್ಟು, "ಓಗಾಣ" ಎಂದಳು.

ಬಾಷಾ ಸಾಬರು ಹಗ್ಗ ಹಿಡಿದು ನಡೆದರು. ಚಾಂದನಿ ಹಿಂದೆ ನಡೆಯಿತು. ಹತ್ತು ಹೆಜ್ಜೆಗೆ ನಿಂತಿತು. ಏನಾಯಿತು ಎಂದು ನಾವು ನೋಡುವಷ್ಟರಲ್ಲಿ ಮತ್ತೆ ತಾನೇ ಹೊರಟಿತು. ಮತ್ತೆ ಹತ್ತು ಹೆಜ್ಜೆಗೆ ನಿಂತಿತು.

"ಯಾಕೆ ನಿಲ್ಲುತ್ತೆ?" ಎಂದೆ.

"ಮೆರವಣಿಗೆ ಕುದುರೆ ಅಲ್ವಾ ಸಾಬ್, ಮುಂದೆ ಡ್ಯಾನ್ಸ್ ಮಾಡೋರಿಗೆ ಜಾಗ ಬಿಡ್ತಾಳೆ. ಹುಡುಗ್ರು ಕುಣಿಯೋ ತನಕ ಕಾಯೋದು, ಆಮೇಲೆ ಹತ್ತು ಹೆಜ್ಜೆ. ಇಲ್ಲಿ ಯಾರೂ ಕುಣೀತಿಲ್ಲ ಅಂತ ಇವಳಿಗ್ಯಾರು ಹೇಳೋದು?"

ಕುದುರೆಯ ಮೇಲಿದ್ದವಳು ಆ ದಿನ ಮೊದಲ ಬಾರಿಗೆ ನಕ್ಕಳು. ನಗುವಾಗ ಬೆನ್ನು ನೆಟ್ಟಗಾಯಿತು. ಎರಡು ಸುತ್ತು ಮುಗಿಯುವ ಹೊತ್ತಿಗೆ, ಚಾಂದನಿ ನಿಲ್ಲುವ ಒಂದು ಹೆಜ್ಜೆ ಮೊದಲೇ ಅವಳು "ಈಗ" ಎನ್ನತೊಡಗಿದಳು. ಆಮೇಲೆ ಬಯಲಿನ ಅಂಚಿನಲ್ಲಿ ಬಿದ್ದಿದ್ದ ಒಂದು ಬಿದಿರು ಗಳದ ಮೇಲೆ ಅವಳ ಕಣ್ಣು ಬಿತ್ತು.

"ಅಂಕಲ್, ಅದನ್ನ ದಾಟಿಸ್ಬಹುದಾ?"

"ಇವಳು ಹಾರಲ್ಲ ಬೇಟಾ. ಹಾರಿ ಗೊತ್ತೇ ಇಲ್ಲ."

"ಮುಂದೆ ಯಾರಾದ್ರೂ ಹಾರಿದ್ರೆ?"

ಬಾಷಾ ಸಾಬರು ಗಡ್ಡ ಕೆರೆದುಕೊಂಡರು. "ಹಾಗಂದ್ರೆ ಬರ್ತಾಳೆ. ಮುಂದೆ ಮನುಷ್ಯ ಇದ್ರೆ ಎಲ್ಲಿಗೆ ಬೇಕಾದ್ರೂ ಬರ್ತಾಳೆ, ಅದೊಂದೇ ಅವಳಿಗೆ ಗೊತ್ತಿರೋದು. ಆದ್ರೆ ಓಡೋಕೆ ನಂಗೆ ಈ ಮಂಡಿ ಬಿಡಲ್ಲ." ಅವರು ನನ್ನನ್ನು ನೋಡಿದರು. ನಾನು ನನ್ನ ಕ್ಯಾಮೆರಾ ನೋಡಿಕೊಂಡೆ.

ಸ್ವಾಮಣ್ಣ ಚಪ್ಪಲಿ ಬಿಟ್ಟರು. ಪಂಚೆ ಎತ್ತಿ ಕಟ್ಟಿದರು. ಅವರು ಕುದುರೆಯ ಹತ್ತಿರ ಬಂದದ್ದೇ ಆಗ. ಅದುವರೆಗೆ ಮಾರು ದೂರದಲ್ಲೇ ನಿಂತಿದ್ದರು. "ತತ್ತಾ ಸಾಬ್ರೆ ಹಗ್ಗ. ಕಚ್ಚಲ್ಲ ತಾನೆ?"

"ಇದುವರೆಗೆ ಕಚ್ಚಿಲ್ಲ ಗೌಡ್ರೇ. ಕಚ್ಚಿದ್ರೆ ನಿಮ್ಮನ್ನೇ ಮೊದಲು."

ಗಳದ ಎರಡು ತುದಿಯ ಅಡಿಗೂ ಒಂದೊಂದು ಇಟ್ಟಿಗೆ ನೆಟ್ಟಗೆ ನಿಲ್ಲಿಸಿದೆವು. ಎತ್ತರ ಎಷ್ಟಿತ್ತು ಎಂದು ನಾನು ಕೈಯಲ್ಲೇ ಅಳೆದೆ, ಒಂದು ಗೇಣು ನಾಲ್ಕು ಬೆರಳು. ಚಾಂದನಿ ಕಾಲೆತ್ತಿ ಇಟ್ಟರೂ ದಾಟಬಹುದಿತ್ತು. ಸ್ವಾಮಣ್ಣ ಹಗ್ಗ ಹಿಡಿದು ಓಡಿದರು. ಕುದುರೆ ಹಿಂದೆ ಕುಣಿಯುತ್ತಾ ಬಂತು. ಗಳದ ಹತ್ತಿರ ಬಂದಾಗ ಸ್ವಾಮಣ್ಣ ಬೇಕಾದ್ದಕ್ಕಿಂತ ಮೂರು ಪಟ್ಟು ಎತ್ತರ ಜಿಗಿದರು. ಅವರನ್ನು ನೋಡಿಯೋ ಏನೋ ಚಾಂದನಿಯೂ ಮುಂಗಾಲೆರಡನ್ನೂ ಎತ್ತಿ ಜಿಗಿದೇ ಬಿಟ್ಟಿತು. ಆ ಕುಲುಕಾಟಕ್ಕೆ ಹೆಲ್ಮೆಟ್ ಜಾರಿ ಸಿಂಚನಳ ಮೂಗಿನವರೆಗೆ ಮುಚ್ಚಿತು. ಆದರೂ ಅವಳು ಬೀಳಲಿಲ್ಲ. ಗಳವೂ ಬೀಳಲಿಲ್ಲ.

"ಹಾರಿದ್ನಾ? ಅಪ್ಪ, ಹಾರಿದ್ನಾ? ನಂಗೇನೂ ಕಾಣ್ನಿಲ್ಲ!" ಎಂದು ಹೆಲ್ಮೆಟ್ಟಿನ ಒಳಗಿನಿಂದ ಕೂಗುತ್ತಿದ್ದಳು.

"ನಾನಂತೂ ಆರ್ದೆ ಕಣವ್ವ" ಎಂದರು ಸ್ವಾಮಣ್ಣ, ಏದುಸಿರು ಬಿಡುತ್ತಾ. "ನಿಂದು ಸಾಬ್ರನ್ನ ಕೇಳು."

ಬಾಷಾ ಸಾಬರು ಆಗಲೇ ಚಾಂದನಿಯ ಹತ್ತಿರ ಹೋಗಿದ್ದರು. ಕುದುರೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು? ಯಾಕೆ ಹೇಳ್ಲಿಲ್ಲ?" ಎನ್ನುತ್ತಿದ್ದರು.

ಒಟ್ಟು ಐದು ಸಲ ಹಾರಿಸಿದರು. ಮೂರನೇ ಸಲ ಇಟ್ಟಿಗೆ ಉರುಳಿ ಗಳ ಬಿತ್ತು. ಸಿಂಚನ ಇಳಿದ ಮೇಲೆ ಮೊದಲು ಮಾಡಿದ್ದು ಚಾಂದನಿಯ ಕುತ್ತಿಗೆ ತಟ್ಟಿದ್ದು. ಎರಡನೆಯದು ನೋಟ್‌ಬುಕ್ಕಿನಲ್ಲಿ ಇನ್ನೊಂದು ನಾಲ್ಕು ಬರೆದದ್ದು.

ರೊಟ್ಟಿ ತಿನ್ನುವಾಗ ನಾನು ಕೇಳಿದೆ, "ಈಗ ಬರೀಲಾ ಸುದ್ದಿ?" ಫೋಟೋ ಚೆನ್ನಾಗಿ ಬಂದಿತ್ತು. ಗಾಳಿಯಲ್ಲಿರುವ ಅಪ್ಪ, ಹಿಂದೆ ಗಾಳಿಯಲ್ಲಿರುವ ಕುದುರೆ. ಸ್ವಾಮಣ್ಣ ಈ ಸಲ ಬೇಡ ಅನ್ನಲಿಲ್ಲ. ಬೇಡ ಎಂದದ್ದು ಮಗಳು.

"ಏನಂತ ಬರೀತೀರಾ ಸಾ? ಇನ್ನೂ ಏನೂ ಆಗೇ ಇಲ್ವಲ್ಲ. ನೀವು ಒಲಿಂಪಿಕ್ಸ್ ಅಂತ ಬರೀತೀರಾ, ಇಲ್ಲಿ ಆಗಿರೋದು ಎರಡು ಇಟ್ಟಿಗೆ."

ನನ್ನ ಹಿರಿಯ ಸಂಪಾದಕರೊಬ್ಬರು ಬದುಕಿದ್ದಿದ್ದರೆ ಅವಳನ್ನು ಸುದ್ದಿ ತಿದ್ದುವ ಡೆಸ್ಕಿಗೆ ಸೇರಿಸಿಕೊಳ್ಳುತ್ತಿದ್ದರು. ಅಂದು ಆಫೀಸಿಗೆ ಹೋಗಿ ಸಾಲಗಾಮೆ ರಸ್ತೆಯ ಕುಡಿಯುವ ನೀರಿನ ಪೈಪ್ ಒಡೆದ ಸುದ್ದಿ ಬರೆದುಕೊಟ್ಟೆ.

ಆಫೀಸಿಗೆ ಹೊರಡುವ ಮೊದಲು ಅವರನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. ಹತ್ತೂವರೆಯದು ಹೋಗಿ ಬಹಳ ಹೊತ್ತಾಗಿತ್ತು. ಸಿಂಚನ ನೀರು ಕುಡಿಯಲು ಹೋದಾಗ ಸ್ವಾಮಣ್ಣ ನನ್ನ ಹತ್ತಿರ ಸರಿದರು. ಅವರ ಅಂಗೈಯಲ್ಲಿ ಹಗ್ಗ ಉಜ್ಜಿದ ಕೆಂಪು ಗೆರೆ ಇತ್ತು.

"ಸಾ, ಒಂದು ಕೇಳ್ಲಾ? ಆ ದೊಡ್ಡ ಆಟದಾಗೂ ಮುಂದೆ ಇಂಗೆ ಒಬ್ರು ಓಡ್ತಾರಾ?"

"ಇಲ್ಲ ಸ್ವಾಮಣ್ಣ. ಅಲ್ಲಿ ಕುದುರೆ, ಸವಾರ ಇಬ್ಬರೇ."

ಅವರು ಅಂಗೈ ನೋಡಿಕೊಂಡರು. "ಅಂಗಾರೆ ಯಾವತ್ತೋ ಒಂದಿನ ಹಗ್ಗ ಬುಡ್ಬೇಕು ಅನ್ನಿ."

"ಬಿಡಬೇಕಾಗುತ್ತೆ."

"ಊಂ" ಎಂದರು. ಅಷ್ಟರಲ್ಲಿ ಬಸ್ ಬಂತು.

ಯುಗಾದಿ ಕಳೆದ ಮೇಲೆ ಹೊಲ ಉತ್ತು ಹೊಗೆಸೊಪ್ಪು ನೆಟ್ಟರು. ಆದರೆ ಸ್ವಾಮಣ್ಣ ಮಾತಿಗೆ ತಪ್ಪಲಿಲ್ಲ. ಸವಾರಿ ಕಲಿಸುವ ದೊಡ್ಡ ಜಾಗಗಳು ದೂರ, ಹೊಳೆನರಸೀಪುರ ಮಾತ್ರ ಹತ್ತಿರ. ಎರಡು ವರ್ಷದಿಂದ, ಚಾಂದನಿಗೆ ಮದುವೆಯಿಲ್ಲದ ಭಾನುವಾರಗಳಲ್ಲಿ, ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದಾರೆ. ಅವಳು ಲಾಯ ಗುಡಿಸುತ್ತಾಳೆ, ಕುದುರೆಯ ಮೈ ಉಜ್ಜುತ್ತಾಳೆ, ಆಮೇಲೆ ಸವಾರಿ, ಮುಂದೆ ಹಗ್ಗ ಹಿಡಿದು ಅಪ್ಪ. ಮದುವೆಯ ಕುದುರೆಯಿಂದ ಒಲಿಂಪಿಕ್ಸಿಗೆ ಎಷ್ಟು ದೂರ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಎಸೆಸೆಲ್ಸಿ ಮುಗಿದ ಮೇಲೆ ಎಲ್ಲಿ ಸೇರಬೇಕು, ಅಲ್ಲಿ ಏನೇನು ಕೇಳುತ್ತಾರೆ ಎಂದು ಪಟ್ಟಿ ಮಾಡಿಟ್ಟಿದ್ದಾಳೆ. ಆಗುತ್ತದೋ ಇಲ್ಲವೋ ನಾನು ಹೇಳಲಾರೆ.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಸ್ವಾಮಣ್ಣ ಫೋನ್ ಮಾಡಿದರು.

"ಸಾ, ಇವತ್ತು ಬುಟ್ಬುಟ್ಟೆ."

"ಏನು ಬಿಟ್ರಿ?"

"ಹಗ್ಗ."

ಆಫೀಸಿನಲ್ಲಿದ್ದೆ. ಅಭ್ಯಾಸಬಲದಿಂದ ಪೆನ್ನು ಕೈಗೆ ಬಂದಿತ್ತು. "ಹೇಗೆ ಹೋದಳು? ಎಷ್ಟು ದೂರ ಹೋದಳು?" ಎಂದೆ.

"ಓದ್ಲು ಸಾ. ಸದ್ದು ಕೇಳಿಸ್ತು. ಎಷ್ಟ್ ದೂರ ಅಂತ ನಂಗೊತ್ತಿಲ್ಲ. ನಾನು ಕಣ್ ಮುಚ್ಕಂಡಿದ್ದೆ."

ಬಾಷಾ ಸಾಬರಿಗೆ ಒಂದು ಫೋನ್ ಮಾಡಿದ್ದರೆ ದೂರ ಎಷ್ಟು ಎಂದು ತಿಳಿಯುತ್ತಿತ್ತು. ಬೇರೆ ಯಾವುದಾದರೂ ವಿಷಯವಾಗಿದ್ದರೆ ಆಗಲೇ ಮಾಡುತ್ತಿದ್ದೆ. ಇದನ್ನು ಮಾತ್ರ ಇವತ್ತಿನವರೆಗೂ ಕೇಳಿಲ್ಲ. ಆ ದಿನ ನಡೆದದ್ದರಲ್ಲಿ ನನಗೆ ತಿಳಿಯಬೇಕಾದದ್ದು ತಿಳಿದಾಗಿದೆ ಅನ್ನಿಸುತ್ತದೆ.